ಕಳುವಾದ ಕೆಂಪು ಮೋಟಾರು

ಇಟಲಿಯ ಇಮೋಲದಲ್ಲಿ 1995ನೆಯ ಇಸವಿಯ ಏಪ್ರಿಲ್ ತಿಂಗಳ ಮೋಟಾರು ಪಂದ್ಯದ ವೇಳೆ, ಆಸ್ಟ್ರಿಯ ದೇಶದ ಪ್ರಸಿದ್ಧ ಚಾಲಕರಾದ ಗೆರ್ಹಾರ್ಡ್ ಬರ್ಗರ್ ಅವರ ಕೆಂಪು ಫೆರಾರಿ ಗಾಡಿಯು ಕಳುವಾಯಿತು. ಎಫ್ 512 ಎಂ ಎಂಬ ಆ ಮಾದರಿಯಲ್ಲಿ ನಿರ್ಮಾಣವಾದುವು ಒಟ್ಟು 501 ಮಾತ್ರ.

ಕಳುವಾದ ಸ್ವಲ್ಪಕಾಲದಲ್ಲಿಯೇ ಜಪಾನಿಗೆ ಸಾಗಿದ ಗಾಡಿಯು 2023ರ ಕೊನೆಗೆ ಬ್ರಿಟನ್ನನ್ನು ಸೇರಿತು. ಅಮೆರಿಕದವರೊಬ್ಬರು ಅದನ್ನು ಕೊಳ್ಳಹೊರಟಾಗ, ತಯಾರಕರು ಗಾಡಿಯ ಪೂರ್ವಾಪರವನ್ನು ವಿಚಾರಿಸಲಾಗಿ ಕಳವು ಬಯಲಾಯಿತು. 2024ರ ಜನವರಿಯಲ್ಲಿ ಲಂಡನ್ ಪೊಲೀಸರು ನಾಲ್ಕೇ ದಿನಗಳಲ್ಲಿ ಅದನ್ನು ಪತ್ತೆಹಚ್ಚಿದರು. ಮಾರ್ಚಿಯಲ್ಲಿ ಈ ವಾರ್ತೆ ಪ್ರಕಟವಾದಾಗ ಯಾರನ್ನೂ ಬಂಧಿಸಿರಲಿಲ್ಲ. ಅದೇ ಪಂದ್ಯದ ವೇಳೆ ಕಳುವಾದ ಇನ್ನೊಂದು ಫೆರಾರಿಯೂ ದೊರೆತಿರಲಿಲ್ಲ.

ಅಪೂರ್ವ ವಸ್ತುವಿನ ಬೆಲೆಯಿರುವುದು ಅದರ ಗುರುತಿನಲ್ಲಿ. ಗುರುತನ್ನು ಮರೆಸಿದರೆ ಬೆಲೆಯಿಲ್ಲ; ತೋರಿದರೆ ಕಳವು ಅಡಗದು. ಇಪ್ಪತ್ತೆಂಟು ವರ್ಷಗಳ ಮೇಲೂ ಆ ಗಾಡಿಯನ್ನು ಹಿಡಿದುಕೊಟ್ಟುದು ಅದರ ಗುರುತೇ.