ಒಂದು ದಾನಾಗಿಂತ ಚಿಕ್ಕದು

ಇಲ್ಲಿ ಪುಣೆಯ ಮೋಲ್ಡಿಂಗ್ ಶಾಪ್‌ಗಳಲ್ಲಿ ಪ್ಲಾಸ್ಟಿಕ್ ಕಾಳಿಗೆ ‘ದಾನಾ’ ಅನ್ನುತ್ತಾರೆ. ಒಂದು ದಾನಾ ಸುಮಾರು 20-30 ಮಿಲಿಗ್ರಾಂ ತೂಗುತ್ತದೆ. ಕೈಗಡಿಯಾರದ, ಕಿವಿಯ ಮೆಷಿನ್ನಿನ ಕೆಲವು ಬಿಡಿಭಾಗಗಳು ಅದಕ್ಕಿಂತಲೂ ಹಗುರ. ಅಷ್ಟು ಚಿಕ್ಕದನ್ನು ಸಾವಿರಾರು ಸಲ ಒಂದೇ ತೆರನಾಗಿ ಅಚ್ಚು ಹಾಕಲು ಹೊರಟ ಯಂತ್ರದ ಚರಿತ್ರೆ, ಒಂದು ಸುತ್ತು ಬಳಸಿ ಹೊರಟಲ್ಲಿಗೇ ಬಂದಿದೆ.

1872ರಲ್ಲಿ ಅಮೆರಿಕದ ಜಾನ್ ವೆಸ್ಲಿ ಹಯಾಟ್ ಮತ್ತು ಅವನ ಅಣ್ಣ ಐಸಾಯ ಸೆಲ್ಯುಲಾಯ್ಡ್ ಅಚ್ಚಿನ ಯಂತ್ರಕ್ಕೆ ಪೇಟೆಂಟ್ ಪಡೆದರು. ಒಳಗಿದ್ದದ್ದು ಒಂದು ಪ್ಲಂಜರ್. ನಮ್ಮ ಚಕ್ಕುಲಿ ಒರಳಿನದೇ ತತ್ವ. ಅದರ ದೋಷವೆಂದರೆ ಸಿಲಿಂಡರಿನ ಗೋಡೆಗೆ ತಾಗಿದ ಪ್ಲಾಸ್ಟಿಕ್ ಬೇಗ ಕರಗುತ್ತದೆ, ನಡುವಿನದು ಹಿಂದುಳಿಯುತ್ತದೆ. 1946ರಲ್ಲಿ ಜೇಮ್ಸ್ ವಾಟ್ಸನ್ ಹೆಂಡ್ರಿ ಪ್ಲಂಜರ್ ಬದಲು ಸ್ಕ್ರೂ ಹಾಕಿದ. ಸ್ಕ್ರೂ ತಿರುಗುತ್ತ ಕಲಸುತ್ತದೆ, ಹದ ಸಮನಾಗುತ್ತದೆ. ಮುಂದೆ ಬಕೆಟ್ಟಿನಿಂದ ಹಿಡಿದು ಕಾರಿನ ಬಂಪರ್‌ವರೆಗೆ ಸ್ಕ್ರೂವಿನದೇ ರಾಜ್ಯ.

ತೊಡಕಾದದ್ದು ವಸ್ತು ಕುಗ್ಗಿದಾಗ. ದಾನಾ ಹಿಡಿಸಬೇಕಲ್ಲ, ಸ್ಕ್ರೂವನ್ನು ಬೇಕಾದಷ್ಟು ಸಣ್ಣ ಮಾಡಲಾಗದು. 14 ಮಿಲಿಮೀಟರ್ ವ್ಯಾಸದ ಸ್ಕ್ರೂ ಒಂದೇ ಮಿಲಿಮೀಟರ್ ಮುಂದೆ ಸರಿದರೆ ಸುಮಾರು 150 ಘನ ಮಿಲಿಮೀಟರ್ ಪ್ಲಾಸ್ಟಿಕ್ ನುಗ್ಗುತ್ತದೆ. ನಮಗೆ ಬೇಕಾದದ್ದು ಐದು ಎಂದಿಟ್ಟುಕೊಳ್ಳಿ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಕೆಟ್ಟಿತು. ಅದಕ್ಕೆಂದೇ ಪ್ಲಾಸ್ಟಿಕ್ ಹರಿಯುವ ಕಾಲುವೆಯನ್ನು, ಅಂದರೆ ರನ್ನರನ್ನು, ದಪ್ಪ ಮಾಡುತ್ತಿದ್ದರು. ಆದರೆ ಇದರಿಂದ ಹಳೆಯ ಪರೀಕ್ಷೆಯೇ ಕುರುಡಾಯಿತು. ಅಚ್ಚಿನಿಂದ ಬಂದದ್ದನ್ನೆಲ್ಲ ಒಟ್ಟಿಗೆ ತಕ್ಕಡಿಗೆ ಹಾಕಿದರೆ ಬಹುಪಾಲು ತೂಕ ರನ್ನರಿನದೇ. ಅರ್ಧ ತುಂಬಿದ ಗಾಲಿಯ ಕೊರತೆ ಅದರಲ್ಲಿ ಮುಚ್ಚಿಹೋಗುತ್ತದೆ. ನಾನೂ ಹೊಸದರಲ್ಲಿ ಹೀಗೆ ತೂಗಿ, ‘ಓಕೆ’ ಬರೆದು ಕಳಿಸಿದ್ದೇನೆ. ಇಡೀ ಲಾಟ್ ವಾಪಸ್ ಬಂದಿತ್ತು.

1990ರ ದಶಕದ ಕೊನೆಗೆ ಆಸ್ಟ್ರಿಯಾದ ಬ್ಯಾಟನ್‌ಫೆಲ್ಡ್ ಕಂಪನಿ ತಂದ ‘ಮೈಕ್ರೋಸಿಸ್ಟಮ್ 50’ ಕೆಲಸವನ್ನು ಹಂಚಿತು. ಕರಗಿಸಲು ಸ್ಕ್ರೂ, ಅಳೆಯಲು ಒಂದು ಪ್ಲಂಜರ್, ಅಚ್ಚಿಗೆ ತಳ್ಳಲು 5 ಮಿಲಿಮೀಟರಿನ ಇನ್ನೊಂದು ಪ್ಲಂಜರ್. ಇದು ಒಂದು ಮಿಲಿಮೀಟರ್ ಸರಿದರೆ ನುಗ್ಗುವುದು ಸುಮಾರು 20 ಘನ ಮಿಲಿಮೀಟರ್ ಮಾತ್ರ. ಹಯಾಟನ ಒರಳು ಸಣ್ಣದಾಗಿ ಮರಳಿ ಬಂದಿತ್ತು.

ತಕ್ಕಡಿಯ ಜಾಗಕ್ಕೆ ಅಚ್ಚಿನೊಳಗಿನ ಒತ್ತಡದ ಸೆನ್ಸರ್ ಬಂತು. ಬಿಡಿಭಾಗದ ಮೈಯಲ್ಲಿ ಜಾಗವಿಲ್ಲದಿದ್ದರೆ ಅದನ್ನು ಎಜೆಕ್ಟರ್ ಪಿನ್ನಿನ ಹಿಂದೆ ಕೂರಿಸುತ್ತಾರೆ. ಒಂದೊಂದು ಶಾಟ್‌ಗೂ ಪರದೆಯ ಮೇಲೆ ಒಂದು ಗೆರೆ ಏರಿ ಇಳಿಯುತ್ತದೆ; ಗೆರೆ ಎಲ್ಲೆ ದಾಟಿದರೆ ಆ ತುಣುಕು ಕೆಂಪು ಟ್ರೇಗೆ. ಉಳಿದವನ್ನು ಕ್ಯಾಮೆರಾ ನೋಡುತ್ತದೆ. ಆಮೇಲೂ ಒಂದು ಕಾಟ ಇದ್ದೇ ಇದೆ: ಸ್ಟ್ಯಾಟಿಕ್ ವಿದ್ಯುತ್ತಿಗೆ ತುಣುಕು ಗ್ಲೌಸಿಗೇ ಅಂಟಿಕೊಂಡು, ಲೆಕ್ಕದಲ್ಲಿ ಒಂದು ಕಡಿಮೆ ಬರುತ್ತದೆ.