ಮೆಣ್ಸಿನ್ಕಾಯಿ ಬಂದ ದಾರಿ

ಬೇಲೂರಿನ ಗುಡಿ ಕಟ್ಟಿಸಿದ ವಿಷ್ಣುವರ್ಧನ, ರಾಣಿ ಶಾಂತಲೆ, ಇವರ್ಯಾರೂ ಒಂದು ದಿನಾನೂ ಮೆಣ್ಸಿನ್ಕಾಯಿ ತಿಂದವರಲ್ಲ ಕಣ್ರೇ. ಹಂಗಂದ್ರೆ ನಮ್ಮ ಕಣಕಟ್ಟೆ ಕಡೆ ಹೆಂಗಸರು ನಗ್ತಾರೆ. ಖಾರ ಇಲ್ದೆ ಮುದ್ದೆ ಗಂಟಲಲ್ಲಿ ಹೆಂಗೆ ಇಳೀತಿತ್ತು ಅಂತಾರೆ. ಖಾರ ಇತ್ತು, ಅದು ಮೆಣಸಿಂದು, ಹಿಪ್ಪಲಿದು, ಶುಂಠಿದು. ಮೆಣಸು ನಮ್ಮ ಮಲೆನಾಡಿನ ಬಳ್ಳಿ. ಮೆಣ್ಸಿನ್ಕಾಯಿ ಸಮುದ್ರದಾಚೆ ಅಮೆರಿಕಾ ಖಂಡದ ಗಿಡ.

1492ರಲ್ಲಿ ಕೊಲಂಬಸ್ ನಮ್ಮ ದೇಶದ ದಾರಿ ಹುಡುಕ್ಕೊಂಡು ಹೊರಟು ಅಲ್ಲಿಗೆ ಹೋಗಿ ಮುಟ್ಟಿದ. ಆ ಗಿಡದ ಕಾಯಿ ಕಂಡು ಇದೂ ಒಂದು ಮೆಣಸೇ ಅಂದ. ಆಮೇಲೆ ಪೋರ್ಚುಗೀಸರು ಅದನ್ನ ನಮ್ಮ ಪಡುವಣ ಕರಾವಳಿಗೆ ತಂದ್ರು. ಗೋವಾ ಅವರ ಕೈಗೆ ಹೋಗಿದ್ದು 1510ರಲ್ಲಿ. ಅದೇ ಸುಮಾರಿಗೆ ಮೂರನೇ ಮಂಗರಸ ಕನ್ನಡದಲ್ಲಿ ‘ಸೂಪಶಾಸ್ತ್ರ’ ಅಂತ ಅಡಿಗೆ ಪುಸ್ತಕಾನೇ ಬರೆದ. ಅದ್ರಲ್ಲಿ ಬದನೆಕಾಯಿ, ಹಲಸು, ಕಳಲೆ ಎಲ್ಲಾ ಇದಾವೆ, ಮೆಣ್ಸಿನ್ಕಾಯಿ ಮಾತ್ರ ಇಲ್ಲ.

ಮೆಣಸಿನ ಹಂಗೆ ಖಾರ, ನೋಡಿದ್ರೆ ಕಾಯಿ, ಅದಕ್ಕೇ ಆ ಹೆಸರು. ಬಂದ ಸೊಸೆ ಮನೆ ಹೆಸರು ತಗೊಂಡ್ಳು, ಮನೆ ಮಗಳು ‘ಕರಿಮೆಣಸು’ ಆಗಿ ಮೂಲೆ ಸೇರಿದ್ಳು. ಬ್ರಾಹ್ಮಣರ ಮನೆ ತಿಥಿ ಅಡಿಗೆಗೆ ಇವತ್ತೂ ಕರಿಮೆಣಸೇ, ಮೆಣ್ಸಿನ್ಕಾಯಿ ಮುಟ್ಟಲ್ಲ. ಹಿರೀಕರು ಅದನ್ನ ಉಂಡಿರ್ಲಿಲ್ಲ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ?

ಆದ್ರೂ ಸೊಸೇನೇ ಗೆದ್ದಳು. ಮೆಣಸಿಗೆ ನೆರಳು ಬೇಕು, ಮಳೆ ಬೇಕು, ಹಬ್ಬೋಕೆ ಮರ ಬೇಕು, ಕೊಳ್ಳೋಕೆ ದುಡ್ಡು ಬೇಕು. ಇದಕ್ಕೆ ಹಿತ್ತಲು, ಒಲೆ ಬೂದಿ, ಪಾತ್ರೆ ತೊಳೆದ ನೀರು ಸಾಕು. ಬಡವರ ಸಾರಿಗೆ ದಿನಾ ಖಾರ ಸಿಕ್ಕಿದ್ದು ಇದರಿಂದ್ಲೇ ಅಂತೀನಿ ನಾನು.

ನಮ್ಮತ್ತೆ ಬೀಜಕ್ಕೆ ಗಿಡದಲ್ಲೇ ಹಣ್ಣಾದ ಚೆನ್ನಾಗಿರೋ ಕಾಯನ್ನೇ ಆರಿಸ್ತಿದ್ರು, ರೋಗದ ಗಿಡದ್ದು ಬೇಡವೇ ಬೇಡ. ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ, ಬಟ್ಟೆ ಗಂಟು ಕಟ್ಟಿ ಅಟ್ಟಕ್ಕೆ. ಒಟ್ಲು ಪಾತಿಗೆ ಸಣ್ಣ ಗೊಬ್ಬರ, ಮರಳು. ಗೀರು ಎಳೆದು, ಬೀಜ ಉದುರಿಸಿ, ತೆಳ್ಳಗೆ ಮಣ್ಣು ಮುಚ್ಚಿ, ಮೇಲೆ ಹುಲ್ಲು. ನೀರು ಕೈಯಲ್ಲಿ ಚಿಮುಕಿಸ್ಬೇಕು, ಸುರಿದ್ರೆ ಬೀಜ ತೇಲಿ ಹೋಗುತ್ತೆ. ಎಂಟು–ಹತ್ತು ದಿನಕ್ಕೆ ಮೊಳಕೆ. ಅವತ್ತೇ ಹುಲ್ಲು ತೆಗೀರಿ, ಇಲ್ದಿದ್ರೆ ಸಸಿ ಬಿಳಚ್ಕೊಂಡು ಉದ್ದುದ್ದ ಬೆಳೆಯುತ್ತೆ. ನಲವತ್ತು ದಿನಕ್ಕೆ ಕಿತ್ತು ನೆಡೋದು, ಒಂದೂವರೆ ಅಡಿ ಬಿಟ್ಟು.

ಅಂಗಡಿ ಹೈಬ್ರಿಡ್ ಪೊಟ್ಟಣ ಹಾಕಿದ್ರೆ ಕಾಯೇನೋ ರಾಶಿ ಬಿಡುತ್ತೆ. ಆದ್ರೆ ಅದರ ಬೀಜ ಎತ್ತಿಟ್ಟು ಬಿತ್ತಿದ್ರೆ ತಾಯಿ ಹಂಗೆ ಬರಲ್ಲ, ವರ್ಷಾವರ್ಷ ಅಂಗಡಿಗೇ ಹೋಗ್ಬೇಕು. ನಾಟಿ ಬೀಜ ಈಗ ನಮ್ಮ ಬೀದೀಲಿ ಎರಡೇ ಮನೇಲಿದೆ, ಅದರಲ್ಲಿ ನಮ್ದೊಂದು. ಗಂಟಲ್ಲಿ ವರ್ಷಗಟ್ಟಲೆ ಇಟ್ರೆ ಬೀಜ ಸತ್ತೋಗುತ್ತೆ. ಮೂರ್ನಾಲ್ಕು ಮಳೆಗಾಲ ಯಾರೂ ಬಿತ್ತಲಿಲ್ಲ ಅಂದ್ರೆ ಆ ರುಚಿ ಮತ್ತೆಲ್ಲೂ ಸಿಗಲ್ಲ.

ಯುಗಾದಿ ಆದ್ಮೇಲೆ ಬನ್ನಿ, ಬೇಕಾದೋರಿಗೆ ಒಂದೊಂದು ಚಿಟಿಕೆ ಕೊಡ್ತೀನಿ. ಹಿತ್ತಲಲ್ಲಿ ದಪ್ಪ ಮೆಣ್ಸಿನ್ಕಾಯಿ ಇಟ್ಟೋರು ಇದನ್ನ ದೂರದಲ್ಲಿ ನೆಡಿ. ಜೇನ್ನೊಣ ಎರಡನ್ನೂ ಬೆರೆಸಿಬಿಡುತ್ತೆ.