ಮಗನಿಗೆ ಮೊದಲ ಕಿಲ್ಟ್: ಕೊಳ್ಳಬೇಕೇ, ಬಾಡಿಗೆಗೆ ತರಬೇಕೇ?

ಸ್ಕಾಟ್ಲೆಂಡ್‌ನಲ್ಲಿ ನೆಂಟರ ಮದುವೆ ಹತ್ತಿರ ಬಂತೆಂದರೆ ಪುಟ್ಟ ಗಂಡುಮಕ್ಕಳ ಹೆತ್ತವರಿಗೆ ಎದುರಾಗುವ ಪ್ರಶ್ನೆ ಇದು. ಕಿಲ್ಟ್ ಎಂದರೆ ಸೊಂಟದಿಂದ ಮೊಣಕಾಲಿನವರೆಗೆ ಬರುವ, ಹಿಂಬದಿಯಲ್ಲಿ ನೆರಿಗೆಯಿರುವ ಚೌಕಳಿ ಬಟ್ಟೆಯ ಉಡುಪು. ನೋಡಲು ಲಂಗದಂತಿದ್ದರೂ ಅಲ್ಲಿ ಅದು ಗಂಡಸರ ಸಾಂಪ್ರದಾಯಿಕ ಉಡುಗೆ.

ನಿಷೇಧದ ನೆನಪು: 1745ರ ಜಾಕೊಬೈಟ್ ದಂಗೆಯ ಬಳಿಕ, 1746ರಲ್ಲಿ ಬ್ರಿಟಿಷ್ ಸಂಸತ್ತು ಈ ಉಡುಪನ್ನು ನಿಷೇಧಿಸಿತು. ಸೈನಿಕರಿಗೆ ವಿನಾಯಿತಿ ಇತ್ತು, ಹುಡುಗರಿಗೆ ಇರಲಿಲ್ಲ. ನಿಷೇಧ ತೆರವಾಗಿದ್ದು 1782ರಲ್ಲಿ. ಹಾಗಾಗಿ ಮಗನ ಮೊದಲ ಕಿಲ್ಟ್ ಹಲವರಿಗೆ ಬರೀ ಬಟ್ಟೆಯಲ್ಲ.

ಖರ್ಚಿನ ಲೆಕ್ಕ: ದೊಡ್ಡವರ ಸಾಂಪ್ರದಾಯಿಕ ಕಿಲ್ಟ್‌ಗೆ ಸುಮಾರು 8 ಗಜ ಉಣ್ಣೆ ಬಟ್ಟೆ ಬೇಕು. ಮಕ್ಕಳದಕ್ಕೆ ಕಡಿಮೆ ಸಾಕಾದರೂ ಬೆಳೆಯುವ ಹುಡುಗನಿಗೆ ಅದು ಬೇಗ ಗಿಡ್ಡವಾಗುತ್ತದೆ. ಪಟ್ಟಿ ಸಡಿಲಿಸಿ ಸೊಂಟವನ್ನು ತುಸು ಹೊಂದಿಸಬಹುದು, ಉದ್ದವನ್ನಲ್ಲ. ಒಂದೇ ದಿನದ ಸಮಾರಂಭಕ್ಕಾದರೆ ಬಾಡಿಗೆಯೇ ಲೇಸು. ಹುಡುಗ ಹೈಲ್ಯಾಂಡ್ ನೃತ್ಯವನ್ನೋ ಬ್ಯಾಗ್‌ಪೈಪನ್ನೋ ಕಲಿಯುತ್ತಿದ್ದರೆ ಕೊಳ್ಳುವುದರಲ್ಲಿ ಅರ್ಥವಿದೆ. ಪಾಲಿಯೆಸ್ಟರ್ ಮಿಶ್ರಿತ ಬಟ್ಟೆ ಅಗ್ಗ, ಒಗೆಯಲೂ ಸುಲಭ.

ಯಾವ ಚೌಕಳಿ?: ಮನೆತನಕ್ಕೆ ಸೇರಿದ ಟಾರ್ಟನ್ ಇದ್ದರೆ ಅದನ್ನೇ ಆರಿಸುವುದು ರೂಢಿ. ಇಲ್ಲದವರು ಬ್ಲ್ಯಾಕ್ ವಾಚ್‌ನಂತಹ ಎಲ್ಲರೂ ತೊಡುವ ವಿನ್ಯಾಸ ಆಯಬಹುದು. ಮುಂದೆ ತೂಗುವ ಸ್ಪೊರನ್ ಚೀಲ ಸಾಕು. ದೊಡ್ಡವರು ಕಾಲುಚೀಲದಲ್ಲಿ ಸಿಕ್ಕಿಸುವ ಚಾಕು ಮಕ್ಕಳಿಗೆ ಬೇಡ.

ದುಡ್ಡು ಕೊಡುವ ಮುನ್ನ ಅಂಗಡಿಯಲ್ಲೇ ತೊಡಿಸಿ, ಕೂರಿಸಿ, ಓಡಾಡಿಸಿ ನೋಡಬೇಕು. ಉಣ್ಣೆ ಚುಚ್ಚುತ್ತದೆ, ಬೇಡ ಎಂದು ಮಗು ಹಟ ಹಿಡಿದರೆ ಒಂದೆರಡು ವರ್ಷ ಕಾಯುವುದೇ ಒಳ್ಳೆಯದು.